ಇಡೀ ಲೀಗ್‌ನಲ್ಲಿ ಇರುವುದೇ 32 ಹುದ್ದೆ: ಅಮೆರಿಕನ್ ಫುಟ್‌ಬಾಲ್‌ನ ಪಂಟರ್ ಮಾಡುವ ಕೆಲಸವೇನು?

ಮೆಲ್ಬರ್ನ್ ಕ್ರಿಕೆಟ್ ಮೈದಾನ ಅಂದರೆ ನಮಗೆಲ್ಲ ಬಾಕ್ಸಿಂಗ್ ಡೇ ಟೆಸ್ಟ್. ಇಲ್ಲವೇ 2022ರಲ್ಲಿ ಹ್ಯಾರಿಸ್ ರೌಫ್‌ಗೆ ಕೊಹ್ಲಿ ಹೊಡೆದ ಆ ಎರಡು ಸಿಕ್ಸರ್. ಅದೇ ಮೈದಾನದಲ್ಲಿ 2026ರ ಸೀಸನ್‌ನಲ್ಲಿ ಲಾಸ್ ಏಂಜಲೀಸ್ ರಾಮ್ಸ್ ತಂಡದ ಪಂದ್ಯ ನಡೆಸುವುದಾಗಿ ಅಮೆರಿಕದ ಎನ್‌ಎಫ್‌ಎಲ್ 2025ರಲ್ಲಿ ಪ್ರಕಟಿಸಿತು. ಎನ್‌ಎಫ್‌ಎಲ್ ಅಂದರೆ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಲೀಗ್. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡು ಹಿಡಿದು ಒಬ್ಬರ ಮೇಲೊಬ್ಬರು ಬೀಳುವ ಆಟ.

ಬೆಂಗಳೂರಿನಲ್ಲಿ ಕೂತು ಅಮೆರಿಕದ ಟೀಮ್ ಜೊತೆ ಕಾಲ್ ಮಾಡುವವರಿಗೆ, ಡಲ್ಲಾಸ್‌ನಲ್ಲೋ ಬೇ ಏರಿಯಾದಲ್ಲೋ ನೆಂಟರಿರುವವರಿಗೆ ಫೆಬ್ರವರಿ ಬಂತೆಂದರೆ ಈ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಒಮ್ಮೆ ನೋಡೋಣ ಎಂದು ಟಿವಿ ಹಾಕಿದರೆ ಬಹಳ ಜನರನ್ನು ಗೊಂದಲಕ್ಕೆ ಕೆಡವುವ ದೃಶ್ಯ ಒಂದಿದೆ. ತಂಡವೊಂದು ಕಷ್ಟಪಟ್ಟು ಚೆಂಡನ್ನು ಮುಂದೆ ತೆಗೆದುಕೊಂಡು ಹೋಗುತ್ತಿರುತ್ತದೆ. ಇದ್ದಕ್ಕಿದ್ದಂತೆ ಹಿಂದಿನಿಂದ ಒಬ್ಬ ಬರುತ್ತಾನೆ. ಆ ಚೆಂಡನ್ನು ಆಕಾಶಕ್ಕೆ ಒದೆದು ಎದುರಾಳಿಗೇ ಕೊಟ್ಟುಬಿಡುತ್ತಾನೆ! ಆಮೇಲೆ ಬೆಂಚಿಗೆ ಹೋಗಿ ಕೂರುತ್ತಾನೆ.

ಅವನೇ ಪಂಟರ್. ಒಂದು ಪಂದ್ಯದಲ್ಲಿ ನಾಲ್ಕೈದು ಸಲ ಒದೆಯುವುದು ಅವನ ಕೆಲಸ. ಲೀಗ್‌ನಲ್ಲಿರುವುದು 32 ತಂಡ, ತಂಡಕ್ಕೆ ಒಬ್ಬನೇ ಪಂಟರ್. ಈ 32 ಎಂಬ ಸಂಖ್ಯೆಯನ್ನು ಮರೆಯಬೇಡಿ. ಅವನ ಸಂಬಳ, ಅವನ ಭಯ, ಅವನ ವೃತ್ತಿಯ ಉದ್ದ ಎಲ್ಲವೂ ಅದರ ಸುತ್ತಲೇ ತಿರುಗುತ್ತದೆ.

4 ಅವಕಾಶ, 10 ಗಜ

ಮೊದಲು ಆಟ ಅರ್ಥವಾಗಬೇಕು. ಗೋಲ್ ಗೆರೆಯಿಂದ ಗೋಲ್ ಗೆರೆಗೆ ಮೈದಾನ 100 ಗಜ ಉದ್ದ. ಪ್ರತಿ ತುದಿಯಲ್ಲೂ 10 ಗಜದ ಪಟ್ಟಿಯೊಂದಿದೆ, ಅದು ಎಂಡ್ ಝೋನ್. ಎದುರಾಳಿಯ ಎಂಡ್ ಝೋನ್‌ಗೆ ಚೆಂಡು ತಲುಪಿಸಿದರೆ ಟಚ್‌ಡೌನ್, 6 ಅಂಕ.

ಚೆಂಡು ಕೈಯಲ್ಲಿರುವ ತಂಡಕ್ಕೆ 4 ಅವಕಾಶ. ಒಂದೊಂದು ಅವಕಾಶಕ್ಕೂ ಡೌನ್ ಎನ್ನುತ್ತಾರೆ. ಈ ನಾಲ್ಕರೊಳಗೆ 10 ಗಜ ಮುಂದೆ ಹೋದರೆ ಮತ್ತೆ ಹೊಸದಾಗಿ 4 ಅವಕಾಶ ಸಿಗುತ್ತದೆ. ಹೋಗಲಿಲ್ಲವೆಂದರೆ ಚೆಂಡು ಎಲ್ಲಿ ನಿಂತಿದೆಯೋ ಅಲ್ಲಿಂದಲೇ ಎದುರಾಳಿಯ ಪಾಲು. ನಮ್ಮ ಕ್ರಿಕೆಟ್ ಪಿಚ್ 22 ಗಜ. ಅದರ ಅರ್ಧಕ್ಕಿಂತ ಕಡಿಮೆ ದೂರಕ್ಕಾಗಿ ಇಷ್ಟೊಂದು ಗುದ್ದಾಟ.

ಈಗ ಒಂದು ಲೆಕ್ಕ ಹಾಕೋಣ. ನಮ್ಮ ತಂಡದ ಚೆಂಡು ನಮ್ಮದೇ ಗೋಲ್ ಗೆರೆಯಿಂದ 25 ಗಜದಲ್ಲಿದೆ. ಮೂರು ಅವಕಾಶ ಮುಗಿದಿದೆ, ಇನ್ನೂ 8 ಗಜ ಬೇಕು. ನಾಲ್ಕನೆಯದನ್ನೂ ಪ್ರಯತ್ನಿಸಿ ಸೋತರೆ ಎದುರಾಳಿಗೆ ಟಚ್‌ಡೌನ್‌ಗೆ ಬರೀ 25 ಗಜ ಸಾಕು. ಬಾಗಿಲು ತೆಗೆದುಕೊಟ್ಟ ಹಾಗೆ. ಅದರ ಬದಲು ಪಂಟರ್ 46 ಗಜ ಒದೆದ, ಚೆಂಡು ಹಿಡಿದವನು 6 ಗಜ ವಾಪಸ್ ಓಡಿದ ಎಂದುಕೊಳ್ಳಿ. ಈಗ ಎದುರಾಳಿ 65 ಗಜ ಸಾಗಬೇಕು. ಚೆಂಡು ಹೇಗೂ ಕೈ ತಪ್ಪುತ್ತದೆ. ತಪ್ಪುವುದಾದರೆ ದೂರದಲ್ಲಿ ತಪ್ಪಲಿ ಎನ್ನುವುದಷ್ಟೇ ಪಂಟ್‌ನ ಲೆಕ್ಕಾಚಾರ.

ಇದೇ ತಂಡದಲ್ಲಿ ಕಿಕರ್ ಅಂತ ಇನ್ನೊಬ್ಬನೂ ಇರುತ್ತಾನೆ. ಇಬ್ಬರನ್ನೂ ಒಂದೇ ಎಂದುಕೊಳ್ಳುವವರು ಜಾಸ್ತಿ. ಕಿಕರ್ ನೆಲದ ಮೇಲಿಟ್ಟ ಚೆಂಡನ್ನು ಎರಡು ಕಂಬಗಳ ನಡುವೆ ಒದೆದು 3 ಅಂಕ ತರುತ್ತಾನೆ. ಪಂಟರ್ ಕೈಯಿಂದ ಬಿಟ್ಟ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಒದೆಯುತ್ತಾನೆ. ಅವನ ಒದೆತಕ್ಕೆ ಅಂಕವೇ ಇಲ್ಲ.

ಎರಡು ಸೆಕೆಂಡಿನೊಳಗೆ

ಎರಡೂ ತಂಡಗಳು ಎದುರುಬದುರಾಗಿ ನಿಲ್ಲುವ ಸಾಲಿನಿಂದ ಸುಮಾರು 15 ಗಜ ಹಿಂದೆ ಪಂಟರ್ ನಿಲ್ಲುತ್ತಾನೆ. ಮುಂದೆ ಬಗ್ಗಿ ನಿಂತ ಲಾಂಗ್ ಸ್ನ್ಯಾಪರ್ ತನ್ನ ಕಾಲುಗಳ ನಡುವಿನಿಂದ ಚೆಂಡನ್ನು ಹಿಂದಕ್ಕೆ ಎಸೆಯುತ್ತಾನೆ, ಇದೇ ಸ್ನ್ಯಾಪ್. ಅಷ್ಟು ದೂರ ಬರಲು ಅದಕ್ಕೆ ಬೇಕಾಗುವುದು ಮುಕ್ಕಾಲು ಸೆಕೆಂಡು. ಚೆಂಡು ಪಂಟರ್ ಕೈಗೆ ಬಂದು, ಕಾಲಿಗೆ ತಗುಲಿ ಮೇಲೇಳುವುದರೊಳಗೆ ಒಟ್ಟು 2 ಸೆಕೆಂಡು. ಅದಕ್ಕಿಂತ ತಡವಾದರೆ ಎದುರಿನಿಂದ ನುಗ್ಗಿ ಬರುವವನ ಕೈ ಚೆಂಡಿಗೆ ಅಡ್ಡ ಬರುತ್ತದೆ.

ಆ ಎರಡು ಸೆಕೆಂಡನ್ನು ನಿಧಾನಕ್ಕೆ ಬಿಡಿಸಿ ನೋಡೋಣ. ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ. ತಕ್ಷಣ ತಿರುಗಿಸಿ ಅದರ ಹೊಲಿಗೆ ಮೇಲೆ ಬರುವಂತೆ ಮಾಡಿಕೊಳ್ಳುತ್ತಾನೆ, ಯಾಕೆಂದರೆ ಹೊಲಿಗೆ ಪಾದಕ್ಕೆ ತಗುಲಿದರೆ ಚೆಂಡು ಎತ್ತಲೋ ಹಾರುತ್ತದೆ. ಒದೆಯುವ ಕಾಲಿನ ಕಡೆಯ ಕೈಗೆ ಚೆಂಡು ದಾಟುತ್ತದೆ. ಹೆಜ್ಜೆ ಇಡುತ್ತಾ ಕೈ ಚಾಚಿ ಚೆಂಡನ್ನು ಬಿಡುತ್ತಾನೆ. ಎಸೆಯುವುದಲ್ಲ, ಸುಮ್ನೆ ಬಿಡುವುದು. ಮೂತಿ ತುಸು ಒಳಕ್ಕೆ, ತುಸು ಕೆಳಕ್ಕೆ. ಪಾದದ ಮೇಲ್ಭಾಗದ ಗಟ್ಟಿ ಮೂಳೆ ಚೆಂಡಿನ ಹೊಟ್ಟೆಗೆ ಸರಿಯಾಗಿ ತಗುಲಬೇಕು. ತಗುಲಿದರೆ ಚೆಂಡು ಬುಗುರಿಯಂತೆ ಸುತ್ತುತ್ತಾ ಗಾಳಿ ಸೀಳಿಕೊಂಡು ಹೋಗುತ್ತದೆ.

ಒದೆತಕ್ಕಿಂತ ಈ ಬಿಡುವುದೇ ಮುಖ್ಯ ಎಂದು ಪಂಟರ್‌ಗಳಿಗೆ ಕಲಿಸುವವರು ಹೇಳುತ್ತಲೇ ಇರುತ್ತಾರೆ. ಕಾಲಿನ ಬೀಸು ವರ್ಷಗಳ ಅಭ್ಯಾಸದಿಂದ ಒಂದೇ ದಾರಿಯಲ್ಲಿ ಬರುತ್ತದೆ. ಚೆಂಡು ಆ ದಾರಿಗೆ ಸರಿಯಾಗಿ ಬಂದು ಬೀಳದಿದ್ದರೆ ಕಾಲಿನಲ್ಲಿ ಎಷ್ಟು ಬಲವಿದ್ದರೂ ಅಷ್ಟೇ. ಹಾಗಾಗಿ ಒದೆಯದೆ, ಬರೀ ಚೆಂಡು ಬಿಡುವುದನ್ನೇ ಗೆರೆಯ ಮೇಲೆ ನಿಂತು ಮತ್ತೆ ಮತ್ತೆ ಮಾಡುತ್ತಾರೆ. ಕೈಯಿಂದ ಪಾದಕ್ಕೆ ಇಳಿಯುವ ಆ ಒಂದು ಗೇಣು ಎರಡು ಗೇಣು ದೂರದಲ್ಲಿ ಗಾಳಿ ಬೀಸಿದರೂ ಸಾಕು, ಕೆಲಸ ಕೆಡುತ್ತದೆ. ಮಿಶಿಗನ್ ಸರೋವರದ ದಡದಲ್ಲಿರುವ ಶಿಕಾಗೋ ಮೈದಾನದಲ್ಲಿ ಡಿಸೆಂಬರ್ ತಿಂಗಳಲ್ಲಿ ಒದೆಯುವವನ ಪಾಡು ಊಹಿಸಿಕೊಳ್ಳಿ.

ಕಾಲೆತ್ತಿ ನಿಂತ ಪಂಟರ್‌ಗೆ ತನ್ನನ್ನು ಕಾಪಾಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ನಿಯಮ ಅವನ ಪರವಾಗಿದೆ. ಚೆಂಡು ಮುಟ್ಟದೆ ಅವನಿಗೆ ಜೋರಾಗಿ ಡಿಕ್ಕಿ ಹೊಡೆದರೆ 15 ಗಜ ದಂಡ, ಜೊತೆಗೆ ಅವನ ತಂಡಕ್ಕೆ ಹೊಸದಾಗಿ 4 ಅವಕಾಶ. ಕೆಲವು ಪಂಟರ್‌ಗಳು ಚೂರು ತಾಗಿದರೂ ಸಿನಿಮಾ ಹೀರೋ ತರಹ ಉರುಳಿ ಬೀಳುವುದು ಇದಕ್ಕೇ.

ದೂರ ಒದೆದರೆ ಸಾಲದು

ಲೀಗ್‌ನ ದಾಖಲೆ ಪುಸ್ತಕದಲ್ಲಿ ಅತಿ ಉದ್ದದ ಪಂಟ್ 98 ಗಜದ್ದು. 1969ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್ ತಂಡದ ಸ್ಟೀವ್ ಓನೀಲ್ ಡೆನ್ವರ್‌ನಲ್ಲಿ ಒದೆದದ್ದು. ಡೆನ್ವರ್ ಸಮುದ್ರ ಮಟ್ಟದಿಂದ ಒಂದು ಮೈಲಿ ಎತ್ತರದಲ್ಲಿದೆ, ಗಾಳಿ ತೆಳು. ಚೆಂಡು ಹಿಡಿಯಬೇಕಾದವನ ತಲೆಯ ಮೇಲಿಂದ ಹಾರಿ, ಉರುಳಿ ಉರುಳಿ ಆ ತುದಿಗೆ ಹೋಗಿ ನಿಂತಿತು. ಅಂಥದ್ದು ಪದೇ ಪದೇ ಆಗುವುದಿಲ್ಲ.

ಸಾಮಾನ್ಯವಾಗಿ ದೂರ ಜಾಸ್ತಿಯಾದರೆ ಅಪಾಯವೂ ಜಾಸ್ತಿ. ಆ ತುದಿಯಲ್ಲಿ ಚೆಂಡು ಹಿಡಿಯಲು ರಿಟರ್ನರ್ ಕಾಯುತ್ತಿರುತ್ತಾನೆ, ತಂಡದ ಅತಿ ಚುರುಕು ಓಟಗಾರ. ಪಂಟ್ ಕೆಳಮಟ್ಟದಲ್ಲಿ ನೇರವಾಗಿ ಹೋದರೆ ನಮ್ಮವರು ಅವನ ಹತ್ತಿರ ತಲುಪುವ ಮೊದಲೇ ಅವನು ಹಿಡಿದು ಓಡಲು ಶುರು ಮಾಡುತ್ತಾನೆ. ಆದ್ದರಿಂದ ಎಷ್ಟು ದೂರ ಎನ್ನುವಷ್ಟೇ ಮುಖ್ಯ ಎಷ್ಟು ಹೊತ್ತು ಎನ್ನುವುದು. ಚೆಂಡು ಗಾಳಿಯಲ್ಲಿರುವ ಸಮಯಕ್ಕೆ ಹ್ಯಾಂಗ್ ಟೈಮ್ ಎನ್ನುತ್ತಾರೆ. ನಾಲ್ಕೂವರೆ ಸೆಕೆಂಡು ಇದ್ದರೆ ಚೆನ್ನಾಗಿದೆ, 5 ಮುಟ್ಟಿದರೆ ಭರ್ಜರಿ. ಸಾಲಿನ ಎರಡು ತುದಿಗಳಲ್ಲಿ ಗನ್ನರ್ ಎಂಬ ಇಬ್ಬರು ಓಟಗಾರರಿರುತ್ತಾರೆ. ಪಂಟ್ ಬಿದ್ದ ಕಡೆ ಮೊದಲು ಮುಟ್ಟುವುದು ಅವರ ಕೆಲಸ. ವೇಗದ ಆಟಗಾರ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹೆಚ್ಚುಕಡಿಮೆ ಒಂದು ಗಜ ಓಡುತ್ತಾನೆ. ಹಾಗಾಗಿ ಆ ಚೂರು ಸಮಯಕ್ಕೂ ಬೆಲೆಯಿದೆ.

ಗನ್ನರ್‌ಗಳು ಹತ್ತಿರ ಬಂದದ್ದು ಕಂಡರೆ ರಿಟರ್ನರ್ ಕೈ ಎತ್ತಿ ಬೀಸುತ್ತಾನೆ. ನಾನು ಓಡುವುದಿಲ್ಲ, ಬರೀ ಹಿಡಿಯುತ್ತೇನೆ, ನನ್ನನ್ನು ಮುಟ್ಟಬೇಡಿ ಅಂತ. ಇದು ಫೇರ್ ಕ್ಯಾಚ್. ಪಂಟರ್‌ಗೆ ಇದಕ್ಕಿಂತ ಸಿಹಿ ದೃಶ್ಯ ಇಲ್ಲ.

ಇನ್ನೊಂದು ಬಲೆ ಇದೆ. ಚೆಂಡು ಎದುರಾಳಿಯ ಎಂಡ್ ಝೋನ್‌ಗೆ ಉರುಳಿದರೆ ಟಚ್‌ಬ್ಯಾಕ್. ಆಗ ಚೆಂಡನ್ನು ಅವರ 20 ಗಜದ ಗೆರೆಗೆ ತಂದು ಕೊಡುತ್ತಾರೆ. ಮೈದಾನದ ಮಧ್ಯದಿಂದ ಬಲವಾಗಿ 50 ಗಜ ಒದೆದವನಿಗೆ ಹೀಗಾಗಿ ನಿಜಕ್ಕೂ ಸಿಗುವುದು 30 ಗಜ ಅಷ್ಟೇ. ಅದೇ 45 ಗಜ ಒದೆದು, ಚೆಂಡು 5ರ ಗೆರೆಯಲ್ಲಿ ಸತ್ತು ಬಿದ್ದರೆ ಎದುರಾಳಿ 95 ಗಜ ಸಾಗಬೇಕು. ಕಡಿಮೆ ಒದೆದು ಜಾಸ್ತಿ ಗಳಿಸುವ ಜಾಗ ಇದು. ಪಕ್ಕದ ಗೆರೆಯೂ ಗೋಲ್ ಗೆರೆಯೂ ಸೇರುವ ಮೂಲೆಗೆ ಗುರಿಯಿಟ್ಟು ಚೆಂಡನ್ನು ಹೊರಗೆ ಹಾಕುವುದು ಹಳೆಯ ವಿದ್ಯೆ.

ಇಷ್ಟೆಲ್ಲ ಇರುವುದರಿಂದ ಪಂಟರ್‌ನ ಅಂಕಿಅಂಶ ನೋಡುವಾಗ ಹುಷಾರು. ಬರೀ ಒದೆದ ದೂರದ ಸರಾಸರಿ ಒಂದು. ವಾಪಸ್ ಓಡಿದ್ದನ್ನೂ ಟಚ್‌ಬ್ಯಾಕನ್ನೂ ಕಳೆದ ಮೇಲೆ ಉಳಿಯುವ ನೆಟ್ ಸರಾಸರಿ ಇನ್ನೊಂದು. ಎದುರಾಳಿಯನ್ನು 20ರ ಗೆರೆಯೊಳಗೆ ಎಷ್ಟು ಸಲ ಕಟ್ಟಿಹಾಕಿದ ಎನ್ನುವುದು ಮೂರನೆಯದು. ಟಿವಿಯಲ್ಲಿ ಮೊದಲು ಕಾಣುವುದು ಮೊದಲನೆಯದು. ಕೋಚ್ ನೋಡುವುದು ಉಳಿದೆರಡನ್ನು.

ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಕೋಚ್ ಆಗಿದ್ದ ಬಿಲ್ ಬೆಲಿಚಿಕ್ ಎಡಗಾಲಿನ ಪಂಟರ್‌ಗಳನ್ನೇ ಹುಡುಕಿ ಹುಡುಕಿ ತರುತ್ತಿದ್ದುದು ಪ್ರಸಿದ್ಧ. ಎಡಗಾಲಿನಿಂದ ಹೋದ ಚೆಂಡು ತಿರುವುಮುರುವಾಗಿ ಸುತ್ತುತ್ತದೆ, ಬೀಳುವಾಗ ಆ ಕಡೆಯ ಬದಲು ಈ ಕಡೆಗೆ ವಾಲುತ್ತದೆ. ಬಲಗಾಲಿನ ಪಂಟ್ ಹಿಡಿದೇ ರೂಢಿಯಾದವನು ಎಡವಬಹುದು. ಬಾಲ್ಟಿಮೋರ್ ರೇವನ್ಸ್‌ನ ಸ್ಯಾಮ್ ಕಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಒದೆಯುವ ಬಗೆಯನ್ನೇ ಬದಲಿಸುತ್ತಾ, ಸುತ್ತದ ಪಂಟ್, ಕೊಕ್ಕೆಯಂತೆ ತಿರುಗುವ ಪಂಟ್ ಎಂದು ಬತ್ತಳಿಕೆ ಬೆಳೆಸಿಕೊಂಡ. ಸ್ಪಿನ್ನರ್ ಕೈಯನ್ನು ಓದುವಂತೆ ರಿಟರ್ನರ್ ಈಗ ಪಂಟರ್‌ನ ಕಾಲನ್ನು ಓದಬೇಕು.

ಮೆಲ್ಬರ್ನ್‌ಗೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ಆಸ್ಟ್ರೇಲಿಯಾದ ಸ್ವಂತ ಫುಟ್‌ಬಾಲ್‌ನಲ್ಲೂ ಚೆಂಡು ಮೊಟ್ಟೆಯಾಕಾರದ್ದೇ. ಅಲ್ಲಿ ಜೊತೆಗಾರನಿಗೆ ಪಾಸ್ ಕೊಡುವುದೇ ಒದೆದು. ಓಡುತ್ತಾ ಓಡುತ್ತಾ, ಎದೆಯ ಮಟ್ಟಕ್ಕೆ, ಅಳೆದು ಒದೆಯುವುದನ್ನು ಮಕ್ಕಳು ಬೀದಿಯಲ್ಲೇ ಕಲಿಯುತ್ತಾರೆ. ಅಮೆರಿಕದಲ್ಲಿ ತಂಡಕ್ಕೊಬ್ಬ ಮಾತ್ರ ಕಲಿಯುವ ವಿದ್ಯೆ ಅಲ್ಲಿ ಮೈದಾನದಲ್ಲಿರುವ ಎಲ್ಲರಿಗೂ ಬರಬೇಕು.

ಅಲ್ಲಿಂದ ಬಂದು ದಾರಿ ತೋರಿದವನು ಡ್ಯಾರನ್ ಬೆನೆಟ್. ಮೆಲ್ಬರ್ನ್ ತಂಡದಲ್ಲಿ ಆಡಿದ್ದವನು. 1994ರಲ್ಲಿ ಸ್ಯಾನ್ ಡಿಯಾಗೋ ಚಾರ್ಜರ್ಸ್ ಸೇರಿದ, ಮರುವರ್ಷವೇ ಲೀಗ್‌ನ ಉತ್ತಮ ಆಟಗಾರರ ಪಟ್ಟಿಯಲ್ಲಿದ್ದ. ಅವನು ಜೊತೆಗೆ ತಂದದ್ದು ಡ್ರಾಪ್ ಪಂಟ್. ಬುಗುರಿಯಂತೆ ಸುತ್ತುವ ಚೆಂಡು ದೂರ ಹೋಗುತ್ತದೆ ನಿಜ, ಆದರೆ ನೆಲಕ್ಕೆ ಬಿದ್ದಾಗ ಮೂತಿ ಮುಂದಾಗಿ ಎಂಡ್ ಝೋನ್‌ಗೆ ಓಡಿಬಿಡುತ್ತದೆ. ಡ್ರಾಪ್ ಪಂಟ್‌ನಲ್ಲಿ ಚೆಂಡು ತುದಿಯ ಮೇಲೆ ತುದಿಯಾಗಿ ಹಿಂದಕ್ಕೆ ಮಗುಚುತ್ತಾ ಹೋಗುತ್ತದೆ. ಬಿದ್ದಾಗ ಮೇಲಕ್ಕೋ ಹಿಂದಕ್ಕೋ ಪುಟಿಯುತ್ತದೆ. ಗೆರೆಯ ಹತ್ತಿರ ನಿಲ್ಲಿಸಬೇಕಾದಾಗ ಇದಕ್ಕಿಂತ ಒಳ್ಳೆಯ ಅಸ್ತ್ರ ಇಲ್ಲ. ಈಗ ಅಮೆರಿಕದವರೂ ಇದನ್ನೇ ಬಳಸುತ್ತಾರೆ.

2007ರಲ್ಲಿ ನೇಥನ್ ಚಾಪ್‌ಮನ್ ಮೆಲ್ಬರ್ನ್‌ನಲ್ಲಿ ಪ್ರೋಕಿಕ್ ಆಸ್ಟ್ರೇಲಿಯಾ ಎಂಬ ತರಬೇತಿ ಸಂಸ್ಥೆ ಶುರು ಮಾಡಿದ. ಸ್ವತಃ ಗ್ರೀನ್ ಬೇ ಪ್ಯಾಕರ್ಸ್‌ನಲ್ಲಿ ಅವಕಾಶಕ್ಕೆ ಪ್ರಯತ್ನಿಸಿ, ಜಾಗ ಸಿಗದೆ ವಾಪಸ್ ಬಂದವನು. ಅವನ ಲೆಕ್ಕಾಚಾರ ಸರಳ. ನೇರವಾಗಿ ಎನ್‌ಎಫ್‌ಎಲ್ ಬಾಗಿಲು ಬಡಿಯುವ ಬದಲು ಹುಡುಗರನ್ನು ತಯಾರು ಮಾಡಿ ಅಮೆರಿಕದ ಕಾಲೇಜುಗಳಿಗೆ ಸ್ಕಾಲರ್‌ಶಿಪ್ ಮೇಲೆ ಕಳಿಸುವುದು. ಲೀಗ್‌ನಲ್ಲಿ ಹುದ್ದೆ ಸಿಗದಿದ್ದರೂ ಡಿಗ್ರಿಯಂತೂ ಕೈಯಲ್ಲಿರುತ್ತದೆ, ಅಲ್ವಾ?

ಮಿಚ್ ವಿಶ್ನೋಸ್ಕಿಯ ಕಥೆ ಇದಕ್ಕೆ ಸರಿಯಾದ ಉದಾಹರಣೆ. ಪರ್ತ್ ಕಡೆಯವನು, ಶಾಲೆ ಅರ್ಧಕ್ಕೇ ಬಿಟ್ಟು ಕಿಟಕಿಗೆ ಗಾಜು ಕೂರಿಸುವ ಕೆಲಸ ಮಾಡುತ್ತಿದ್ದ. ಪ್ರೋಕಿಕ್ ಮೂಲಕ ಕ್ಯಾಲಿಫೋರ್ನಿಯಾದ ಸಣ್ಣ ಕಾಲೇಜಿಗೆ ಹೋದ, ಅಲ್ಲಿಂದ ಯೂಟಾ ವಿಶ್ವವಿದ್ಯಾಲಯಕ್ಕೆ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಅವನನ್ನು ಡ್ರಾಫ್ಟ್‌ನ, ಅಂದರೆ ಕಾಲೇಜು ಆಟಗಾರರ ಆಯ್ಕೆಯ, ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತು. ಸಿಡ್ನಿಯ ಮೈಕಲ್ ಡಿಕ್ಸನ್ ಟೆಕ್ಸಾಸ್ ವಿಶ್ವವಿದ್ಯಾಲಯಕ್ಕೆ ಆಡುತ್ತಾ 2017ರ ಟೆಕ್ಸಾಸ್ ಬೌಲ್ ಎಂಬ ಕಾಲೇಜು ಪಂದ್ಯದಲ್ಲಿ ಪಂದ್ಯಪುರುಷನಾದ. ಪಂಟರ್‌ಗೆ ಆ ಪ್ರಶಸ್ತಿ ಸಿಗುವುದು ತೀರಾ ಅಪರೂಪ. 2018ರಲ್ಲಿ ಸಿಯಾಟಲ್ ಸೀಹಾಕ್ಸ್ ಸೇರಿದ. 2021ರ ಅಕ್ಟೋಬರ್‌ನಲ್ಲಿ ಅವನ ಪಂಟ್ ಒಂದನ್ನು ಎದುರಾಳಿ ತಡೆದರು. ನೆಲಕ್ಕೆ ಬಿದ್ದ ಚೆಂಡನ್ನು ಅವನೇ ಓಡಿ ಹೆಕ್ಕಿಕೊಂಡ, ಓಡುತ್ತಲೇ ಮತ್ತೊಮ್ಮೆ ಒದೆದ. ಎರಡನೇ ಸಲ ಅದು 68 ಗಜ ಹೋಯಿತು! ಹಾಗೆ ಒದೆಯಬಹುದೇ ಎಂದು ಎಷ್ಟೋ ಅಮೆರಿಕದವರೇ ನಿಯಮ ಹುಡುಕಿದರು. ಚೆಂಡು ಸಾಲಿನ ಹಿಂದೆಯೇ ಇದ್ದರೆ ಒದೆಯಬಹುದು. ಓಡುತ್ತಾ ಒದೆಯುವುದು ಆಸ್ಟ್ರೇಲಿಯಾದ ಹುಡುಗನಿಗೆ ಹುಟ್ಟಿನಿಂದ ಬಂದದ್ದು.

ಮೆಲ್ಬರ್ನ್‌ನವನೇ ಆದ ಟೋರಿ ಟೇಲರ್ ಅಯೋವಾ ವಿಶ್ವವಿದ್ಯಾಲಯದಲ್ಲಿ ಹೀರೋ ಆಗಿಬಿಟ್ಟ. ಆ ತಂಡಕ್ಕೆ ಅಂಕ ಗಳಿಸುವುದೇ ಕಷ್ಟವಾಗಿತ್ತು. ಹಾಗಾಗಿ ಅವನಿಗೆ ಕೈತುಂಬ, ಅಲ್ಲ, ಕಾಲುತುಂಬ ಕೆಲಸ. 2023ರಲ್ಲಿ ಒಂದೇ ಸೀಸನ್‌ನಲ್ಲಿ 4,479 ಗಜ ಪಂಟ್ ಮಾಡಿ 1938ರ ಹಳೆಯ ಕಾಲೇಜು ದಾಖಲೆ ಮುರಿದ. ಮರುವರ್ಷ ಶಿಕಾಗೋ ಬೇರ್ಸ್ ಅವನನ್ನು ನಾಲ್ಕನೇ ಸುತ್ತಿನಲ್ಲಿ ಕರೆದುಕೊಂಡಿತು.

ಒಳಗೆ ಬರುವುದು ಹೇಗೆ?

ಪ್ರತಿ ಏಪ್ರಿಲ್‌ನಲ್ಲಿ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದೆ. ಒಟ್ಟು 7 ಸುತ್ತು. ಪಂಟರ್‌ಗಳ ಹೆಸರು ಬಂದರೆ ಕೊನೆಯ ಸುತ್ತುಗಳಲ್ಲಿ, ಇಲ್ಲವಾದರೆ ಇಲ್ಲ. ಬಹಳಷ್ಟು ಮಂದಿ ಡ್ರಾಫ್ಟ್ ಆಗದೆಯೇ ಬರುತ್ತಾರೆ. ತಂಡ ಕ್ಯಾಂಪಿಗೆ ಕರೆಯುತ್ತದೆ, ಇದ್ದ ಪಂಟರ್ ಜೊತೆ ಪೈಪೋಟಿ, ಆಗಸ್ಟ್ ಕೊನೆಗೆ ಒಬ್ಬ ಮನೆಗೆ. ರಯಾನ್ ಸ್ಟೋನ್‌ಹೌಸ್ 2022ರಲ್ಲಿ ಬಂದದ್ದು ಹೀಗೇ. ಡ್ರಾಫ್ಟ್‌ನಲ್ಲಿ ಯಾರೂ ಕೇಳಲಿಲ್ಲ. ಟೆನಿಸಿ ಟೈಟನ್ಸ್ ಸೇರಿ ಮೊದಲ ಸೀಸನ್‌ನಲ್ಲೇ ಸರಾಸರಿ 53.1 ಗಜ ಒದೆದ. ಸ್ಯಾಮಿ ಬಾ 1940ರಲ್ಲಿ ಮಾಡಿದ್ದ 51.4ರ ದಾಖಲೆ 82 ವರ್ಷದ ಮೇಲೆ ಮುರಿಯಿತು. ಮರುವರ್ಷದ ಡಿಸೆಂಬರ್‌ನಲ್ಲಿ ಪಂಟ್ ತಡೆಯಲು ನುಗ್ಗಿದವರ ನಡುವೆ ಸಿಕ್ಕಿ ಮಂಡಿಗೆ ಪೆಟ್ಟಾಯಿತು, ಸೀಸನ್ ಅಲ್ಲಿಗೆ ಮುಗಿಯಿತು.

ಸೀಸನ್ ನಡುವೆಯೂ ಕೆಲಸ ಗಟ್ಟಿಯಲ್ಲ. ವಾರದ ರಜಾದಿನವಾದ ಮಂಗಳವಾರ ತಂಡಗಳು ಹೊರಗಿನ ಆಟಗಾರರನ್ನು ಕರೆಸಿ ನೋಡುತ್ತವೆ. ಎರಡು ಪಂದ್ಯ ಕೆಟ್ಟರೆ, ಮಂಗಳವಾರ ಯಾರೋ ನಾಲ್ಕು ಜನ ನಿಮ್ಮ ಮೈದಾನದಲ್ಲಿ ಒದೆಯುತ್ತಿದ್ದಾರೆ ಎಂಬ ಸುದ್ದಿ ಬರುತ್ತದೆ. ಹೊರಗಿರುವವರೂ ಅಷ್ಟೇ, ಫೋನ್ ಕಾಯುತ್ತಾ ಊರಿನ ಹೈಸ್ಕೂಲ್ ಮೈದಾನದಲ್ಲಿ ಅಭ್ಯಾಸ ಮಾಡುತ್ತಿರುತ್ತಾರೆ.

ಪಂಟ್ ಒಂದೇ ಬಂದರೆ ಸಾಲದು ಕೂಡ. ಕಿಕರ್ ಒದೆಯುವಾಗ ಚೆಂಡನ್ನು ನೆಲದ ಮೇಲೆ ನಿಲ್ಲಿಸಿ ಹಿಡಿಯುವವನು ಹೋಲ್ಡರ್. ಬಹುತೇಕ ತಂಡಗಳಲ್ಲಿ ಆ ಕೆಲಸ ಪಂಟರ್‌ನದೇ. ಬಂದ ಚೆಂಡು ಹಿಡಿದು, ನಿಲ್ಲಿಸಿ, ಹೊಲಿಗೆಯನ್ನು ಕಿಕರ್‌ನ ಕಾಲಿನಿಂದ ಆಚೆಗೆ ತಿರುಗಿಸಬೇಕು. ಸ್ನ್ಯಾಪ್‌ನಿಂದ ಒದೆತದವರೆಗೆ ಎಲ್ಲ ಸೇರಿ 1.3 ಸೆಕೆಂಡು. ಇಲ್ಲಿ ಕೈ ಜಾರಿದರೆ ಪಂದ್ಯವೇ ಹೋಗಬಹುದು. ಒಳ್ಳೆಯ ಹೋಲ್ಡರ್ ಅನ್ನುವ ಕಾರಣಕ್ಕೇ ಕೆಲಸ ಉಳಿಸಿಕೊಂಡ ಪಂಟರ್‌ಗಳಿದ್ದಾರೆ. ಕೆಲವರು ಚೆಂಡು ಎಸೆಯಲೂ ಬಲ್ಲರು. ರಾಮ್ಸ್ ತಂಡದಲ್ಲಿದ್ದ ಜಾನಿ ಹೆಕ್ಕರ್ ಪಂಟ್ ಮಾಡುವಂತೆ ನಿಂತು ಜೊತೆಗಾರನಿಗೆ ಪಾಸ್ ಎಸೆದು ಎದುರಾಳಿಯನ್ನು ಎಷ್ಟೋ ಸಲ ಬೇಸ್ತು ಬೀಳಿಸಿದ್ದಾನೆ. ಸೂಪರ್ ಬೌಲ್‌ನಲ್ಲಿ ಒದೆದ ಅತಿ ಉದ್ದದ ಪಂಟ್, 65 ಗಜ, ಅದೂ ಅವನದ್ದೇ. 2019ರ ಫೆಬ್ರವರಿಯಲ್ಲಿ.

ಒಂದೇ ಜಾಗ, ಮೂವರು

ಈ ವೃತ್ತಿ ಹೇಗಿರುತ್ತದೆ ಎಂದು ತಿಳಿಯಲು ನ್ಯೂಯಾರ್ಕ್ ಜೈಂಟ್ಸ್ ತಂಡದ ಕೆಲವು ವರ್ಷಗಳನ್ನು ನೋಡಿದರೆ ಸಾಕು.

ಜೆಫ್ ಫೀಗಲ್ಸ್ 1988ರಲ್ಲಿ ಡ್ರಾಫ್ಟ್ ಆಗದೆ ಲೀಗ್‌ಗೆ ಬಂದ. 22 ಸೀಸನ್, 5 ತಂಡ. ಒಂದೂ ಪಂದ್ಯ ತಪ್ಪಿಸದೆ ಸತತ 352 ಪಂದ್ಯ. 1,713 ಪಂಟ್. ಎರಡೂ ಲೀಗ್ ದಾಖಲೆ. ಕಾಲಿನಲ್ಲಿ ಭಾರಿ ಬಲವೇನೂ ಇರಲಿಲ್ಲ, ಆದರೆ ಮೂಲೆಗೆ ಗುರಿಯಿಡುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. 2008ರ ಫೆಬ್ರವರಿಯಲ್ಲಿ, ತನ್ನ 20ನೇ ಸೀಸನ್‌ನಲ್ಲಿ, 41ನೇ ವಯಸ್ಸಿನಲ್ಲಿ ಜೈಂಟ್ಸ್ ಜೊತೆ ಮೊದಲ ಸಲ ಸೂಪರ್ ಬೌಲ್ ಗೆದ್ದ.

ಅವನು ನಿವೃತ್ತನಾದಾಗ ಜಾಗಕ್ಕೆ ಬಂದವನು ಮ್ಯಾಟ್ ಡಾಜ್. 2010ರ ಡ್ರಾಫ್ಟ್‌ನ ಏಳನೇ ಸುತ್ತಿನವನು, ಕಾಲಿನಲ್ಲಿ ಬಲ ಇತ್ತು. ಡಿಸೆಂಬರ್ 19ರಂದು ಫಿಲಡೆಲ್ಫಿಯಾ ಈಗಲ್ಸ್ ವಿರುದ್ಧ ಪಂದ್ಯ. ಕೊನೆಯ ಎಂಟು ನಿಮಿಷಕ್ಕೆ ಮುಂಚೆ ಜೈಂಟ್ಸ್ 31–10 ಮುಂದಿತ್ತು. ಆಮೇಲೆ ಎಲ್ಲ ತಲೆಕೆಳಗಾಗಿ 31–31. ಉಳಿದಿರುವುದು 14 ಸೆಕೆಂಡು, ಜೈಂಟ್ಸ್ ಪಂಟ್ ಮಾಡಬೇಕು. ಎದುರಿಗೆ ಕಾಯುತ್ತಿದ್ದವನು ಡಿಶಾನ್ ಜಾಕ್ಸನ್, ಲೀಗ್‌ನ ಅತಿ ಅಪಾಯಕಾರಿ ರಿಟರ್ನರ್‌ಗಳಲ್ಲಿ ಒಬ್ಬ. ಕೋಚ್ ಟಾಮ್ ಕಾಫ್ಲಿನ್ ಹೇಳಿದ್ದು ಒಂದೇ: ಚೆಂಡನ್ನು ಪಕ್ಕದ ಗೆರೆಯಾಚೆ ಒದೆ. ಸ್ನ್ಯಾಪ್ ಎತ್ತರಕ್ಕೆ ಬಂತು. ಡಾಜ್ ಎಗರಿ ಹಿಡಿದು ಅವಸರದಲ್ಲಿ ಒದೆದ. ಚೆಂಡು ಹೋದದ್ದು ನೇರ ಜಾಕ್ಸನ್ ಕೈಗೆ. ಅವನ ಕೈಯಿಂದ ಒಮ್ಮೆ ಜಾರಿತು, ಮತ್ತೆ ಎತ್ತಿಕೊಂಡ, 65 ಗಜ ಓಡಿ ಟಚ್‌ಡೌನ್. ಸಮಯ ಮುಗಿದಿತ್ತು. ಮೈದಾನದ ಮಧ್ಯಕ್ಕೇ ಓಡಿಬಂದ ಕೋಚ್ ಆ ಹುಡುಗನ ಮುಖದೆದುರು ಕೂಗಾಡುತ್ತಿದ್ದುದನ್ನು ದೇಶವೇ ಟಿವಿಯಲ್ಲಿ ನೋಡಿತು. ಡಾಜ್ ಆ ಸೀಸನ್ ಮುಗಿಸಿದ. ಲೀಗ್‌ನಲ್ಲಿ ಅವನು ಆಡಿದ್ದು ಆ ಒಂದೇ ಸೀಸನ್.

2011ರಲ್ಲಿ ಜೈಂಟ್ಸ್ ಕರೆತಂದದ್ದು ಸ್ಟೀವ್ ವೆದರ್‌ಫರ್ಡ್‌ನನ್ನು. ಅವನೂ ಡ್ರಾಫ್ಟ್ ಆಗದವನು. ಅದಕ್ಕೆ ಮೊದಲು ಸೇಂಟ್ಸ್, ಚೀಫ್ಸ್, ಜಾಗ್ವಾರ್ಸ್, ಜೆಟ್ಸ್ ಎಂದು ಊರೂರು ಅಲೆದಿದ್ದ. 2012ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ಅವನ ಮೊದಲ ಪಂಟ್ ಪೇಟ್ರಿಯಟ್ಸ್ ತಂಡವನ್ನು 6 ಗಜದ ಗೆರೆಗೆ ತಳ್ಳಿತು. ಅಷ್ಟು ಇಕ್ಕಟ್ಟಿನಲ್ಲಿ ಮೊದಲ ಆಟದಲ್ಲೇ ಟಾಮ್ ಬ್ರೇಡಿ ತನ್ನದೇ ಎಂಡ್ ಝೋನ್‌ನಲ್ಲಿ ನಿಂತು, ಯಾರೂ ಇಲ್ಲದ ಕಡೆ ಚೆಂಡೆಸೆದು ತಪ್ಪು ಮಾಡಿದ. ಜೈಂಟ್ಸ್‌ಗೆ 2 ಅಂಕ, ಮರಳಿ ಚೆಂಡೂ ಅವರಿಗೇ. ಆ ಪಂದ್ಯದಲ್ಲಿ ವೆದರ್‌ಫರ್ಡ್ ಮೂರು ಸಲ ಎದುರಾಳಿಯನ್ನು 10ರ ಗೆರೆಯೊಳಗೆ ಕಟ್ಟಿಹಾಕಿದ. ಜೈಂಟ್ಸ್ 21–17ರಿಂದ ಗೆದ್ದಿತು. ಅಂಕಪಟ್ಟಿಯಲ್ಲಿ ಅವನ ಹೆಸರಿಲ್ಲ.

ದುಡ್ಡಿನ ವಿಷಯ

ಹೊಸಬನಿಗೆ ಲೀಗ್ ನಿಗದಿ ಮಾಡಿದ ಕನಿಷ್ಠ ಸಂಬಳ 2025ರಲ್ಲಿ ವರ್ಷಕ್ಕೆ 8,40,000 ಡಾಲರ್. ನಮ್ಮ ಲೆಕ್ಕದಲ್ಲಿ 7 ಕೋಟಿ ರೂಪಾಯಿ ದಾಟುತ್ತದೆ. ಮೇಲಿನ ಸಾಲಿನ ಪಂಟರ್‌ಗಳಿಗೆ ವರ್ಷಕ್ಕೆ 40 ಲಕ್ಷ ಡಾಲರ್ ಆಸುಪಾಸು. ಕೇಳಿದರೆ ಕಣ್ಣು ಅರಳುತ್ತದೆ. ಆದರೆ ಅದೇ ಲೀಗ್‌ನಲ್ಲಿ ಡಲ್ಲಾಸ್ ತಂಡದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ದಾಳಿ ನಡೆಸುವ ಮುಖ್ಯ ಆಟಗಾರ) ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ಸಹಿ ಹಾಕಿದ್ದು ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್‌ಗೆ.

ಸಂಬಳ ಸೀಸನ್‌ನ ವಾರಗಳಿಗೆ ಹಂಚಿ ಬರುತ್ತದೆ. ಹೊಸಬನನ್ನು ನಡುವೆ ಕೈಬಿಟ್ಟರೆ ಸಾಮಾನ್ಯವಾಗಿ ಅಲ್ಲಿಗೆ ನಿಂತಿತು. ಪಿಂಚಣಿಗೆ ಅರ್ಹನಾಗಲು 3 ಸೀಸನ್ ಬೇಕು. ಇಲ್ಲೊಂದು ವಿಚಿತ್ರ ಇಕ್ಕಟ್ಟು. ಅನುಭವ ಹೆಚ್ಚಿದಂತೆ ಕನಿಷ್ಠ ಸಂಬಳವೂ ಏರುತ್ತದೆ. ಆಗ ಕಡಿಮೆ ದುಡ್ಡಿಗೆ ಸಿಗುವ 23 ವರ್ಷದ ಹುಡುಗನ ಕಡೆ ತಂಡದ ಕಣ್ಣು ಹೋಗುತ್ತದೆ. ಇದನ್ನು ದಾಟಿ ನಿಂತವನಿಗೆ ಮಾತ್ರ ಉದ್ದ ವೃತ್ತಿ. ಗುದ್ದಾಟ ಕಡಿಮೆಯಾದ್ದರಿಂದ ಮೈ ಬೇಗ ಸವೆಯುವುದಿಲ್ಲ. ಶೇನ್ ಲೆಕ್ಲರ್ 18 ಸೀಸನ್ ಆಡಿದ, ಸ್ಯಾಮ್ ಕಾಕ್ ಒಂದೇ ತಂಡಕ್ಕೆ 16. ಇಂಡಿಯಾನಾಪೊಲಿಸ್ ಕೋಲ್ಟ್ಸ್‌ನ ಪ್ಯಾಟ್ ಮ್ಯಾಕಫಿ ಮಾತ್ರ 8 ಸೀಸನ್ ಆಡಿ, ಇನ್ನೂ 30 ತುಂಬುವ ಮೊದಲೇ ಬಿಟ್ಟು ಮಾಧ್ಯಮದ ಕಡೆ ಹೋದ. ಇವತ್ತು ಅಮೆರಿಕದಲ್ಲಿ ಅವನ ಕ್ರೀಡಾ ಕಾರ್ಯಕ್ರಮ ನೋಡುವ ಎಷ್ಟೋ ಜನರಿಗೆ ಅವನು ಪಂಟರ್ ಆಗಿದ್ದ ಎನ್ನುವುದೇ ಗೊತ್ತಿರಲಿಕ್ಕಿಲ್ಲ.

ಮುಂದೆ ಏನಾಗಬಹುದು?

ಪಂಟರ್ ಎಂಬ ಪ್ರತ್ಯೇಕ ಕೆಲಸ ಮೊದಲಿನಿಂದಲೂ ಇರಲಿಲ್ಲ. ಸ್ಯಾಮಿ ಬಾ ಕ್ವಾರ್ಟರ್‌ಬ್ಯಾಕ್ ಆಗಿದ್ದ, ರಕ್ಷಣೆಗೂ ನಿಲ್ಲುತ್ತಿದ್ದ, ಪಂಟ್ ಕೂಡ ಮಾಡುತ್ತಿದ್ದ. 1950ರಲ್ಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂಬ ನಿಯಮ ಖಾಯಂ ಆಯಿತು. ಒಂದೇ ಕೆಲಸದವರಿಗೆ ಜಾಗ ಸಿಕ್ಕಿದ್ದು ಅದರಿಂದ. 1973ರಲ್ಲಿ ಓಕ್ಲೆಂಡ್ ರೈಡರ್ಸ್ ರೇ ಗೈ ಎಂಬ ಪಂಟರ್‌ನನ್ನು ಮೊದಲ ಸುತ್ತಿನಲ್ಲೇ ಆರಿಸಿದಾಗ ಹುಬ್ಬೇರಿಸಿದವರೇ ಹೆಚ್ಚು. ಅವನ ಜೊತೆ ಆ ತಂಡ ಮೂರು ಸೂಪರ್ ಬೌಲ್ ಗೆದ್ದಿತು. ಆದರೂ ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಲ್ ಆಫ್ ಫೇಮ್ ಬಾಗಿಲು ತೆರೆದದ್ದು 2014ರಲ್ಲಿ, ಅವನು ಆಟ ಬಿಟ್ಟು ಕಾಲು ಶತಮಾನ ದಾಟಿದ ಮೇಲೆ. ಬರೀ ಪಂಟರ್ ಆಗಿ ಅಲ್ಲಿಗೆ ಹೋದ ಮೊದಲಿಗ ಅವನು.

ಈಗ ಗಾಳಿ ಬೇರೆ ದಿಕ್ಕಿಗೆ ಬೀಸುತ್ತಿದೆ. ಅಂಕಿಅಂಶ ಲೆಕ್ಕ ಹಾಕುವವರು ತಂಡಗಳಲ್ಲಿ ತುಂಬಿಕೊಂಡಿದ್ದಾರೆ. ಒಂದೆರಡು ಗಜ ಮಾತ್ರ ಬಾಕಿಯಿದ್ದರೆ ಒದೆಯಬೇಡಿ, ನಾಲ್ಕನೇ ಅವಕಾಶವನ್ನೂ ಆಡಿ ನೋಡಿ, ದೀರ್ಘಕಾಲದಲ್ಲಿ ಅದೇ ಲಾಭ ಎನ್ನುತ್ತದೆ ಅವರ ಲೆಕ್ಕ. ಕೋಚ್‌ಗಳು ಅದನ್ನು ನಂಬತೊಡಗಿದ ಮೇಲೆ ಪಂದ್ಯಕ್ಕೆ ಬೀಳುವ ಪಂಟ್‌ಗಳ ಸಂಖ್ಯೆ ಇಳಿದಿದೆ. ಹುದ್ದೆ ಮಾತ್ರ ಕಡಿಮೆಯಾಗಿಲ್ಲ. ಒಂದೇ ಒಂದು ಸಲ ಬೇಕಾದರೂ ಬೇಕೇ ಬೇಕು, ಆ ಒಂದು ಸಲವನ್ನು ಕ್ವಾರ್ಟರ್‌ಬ್ಯಾಕ್ ಕೈಯಲ್ಲಿ ಮಾಡಿಸುವ ಧೈರ್ಯ ಯಾರಿಗೂ ಇಲ್ಲ.

ಒಮ್ಮೊಮ್ಮೆ ಆ ಒಂದು ಸಲವೂ ಬರುವುದಿಲ್ಲ. 2022ರ ಜನವರಿ 15ರಂದು ಬಫಲೋ ಬಿಲ್ಸ್ ತಂಡ ಪೇಟ್ರಿಯಟ್ಸ್ ವಿರುದ್ಧದ ಪ್ಲೇಆಫ್ ಪಂದ್ಯವನ್ನು 47–17ರಿಂದ ಗೆದ್ದಿತು. ಚೆಂಡು ಕೈಗೆ ಬಂದಾಗಲೆಲ್ಲ ಟಚ್‌ಡೌನ್, ಕೊನೆಯಲ್ಲಿ ಸಮಯ ಕಳೆಯಲು ಚೆಂಡು ಹಿಡಿದು ಸುಮ್ಮನೆ ಮಂಡಿಯೂರಿದ್ದು ಬಿಟ್ಟರೆ. ಕೊರೆಯುವ ಚಳಿಯ ಆ ರಾತ್ರಿ ಅವರ ಪಂಟರ್ ಮ್ಯಾಟ್ ಹಾಕ್ ಒಂದೂ ಪಂಟ್ ಮಾಡಲಿಲ್ಲ. ಪ್ಲೇಆಫ್ ಪಂದ್ಯಕ್ಕೆ ಲೀಗ್ ಕೊಡುವ ದುಡ್ಡು ಕ್ವಾರ್ಟರ್‌ಬ್ಯಾಕ್‌ಗೂ ಪಂಟರ್‌ಗೂ ಒಂದೇ.